ಹಾಡು ಯಾರದ್ದು ಸ್ವಾಮಿ?

ಕಾರವಾರದ ಹಬ್ಬುವಾಡದಲ್ಲಿ ಒಬ್ಬ ಹುಡುಗ ಸಂಜೆ ಹೊತ್ತು ಗಿಟಾರ್ ಹಿಡ್ಕೊಂಡು ಕೂತಿದ್ದಾನೆ ಅಂದ್ಕೊಳ್ಳಿ. ಮೊಬೈಲ್‌ನಲ್ಲಿ ಎರಿಕ್ ಕ್ಲಾಪ್ಟನ್ ಹಾಡ್ತಾ ಇದ್ದಾನೆ. ಹುಡುಗ ಅದನ್ನೇ ಕೇಳಿ ಕೇಳಿ ತಂತಿ ಎಳೀತಾ ಇದ್ದಾನೆ. ಆದರೆ ವೀಕ್ಷಕರೇ, ಆ ಹಾಡು ಕ್ಲಾಪ್ಟನ್‌ದಲ್ಲ!

2004ರಲ್ಲಿ ಕ್ಲಾಪ್ಟನ್ 'ಮಿ ಅಂಡ್ ಮಿಸ್ಟರ್ ಜಾನ್ಸನ್' ಅನ್ನೋ ಆಲ್ಬಂ ತಂದ. ಅದರಲ್ಲಿರೋ 14 ಹಾಡುಗಳೂ ರಾಬರ್ಟ್ ಜಾನ್ಸನ್ ಎಂಬ ಕಪ್ಪು ಗಾಯಕನವು. ಆ ಜಾನ್ಸನ್ 1936 ಮತ್ತು 37ರಲ್ಲಿ ಧ್ವನಿಮುದ್ರಿಸಿದ್ದು ಬರೀ 29 ಹಾಡು. 1938ರಲ್ಲಿ, 27ನೇ ವಯಸ್ಸಿಗೇ ತೀರಿಕೊಂಡ. ಗುರುವಿನ ಹಾಡನ್ನು ಶಿಷ್ಯ ಹೆಸರು ಹೇಳಿ ಹಾಡೋದು ಅಂದರೆ ಇದು. ಇದಕ್ಕೇ ಟ್ರಿಬ್ಯೂಟ್ ಆಲ್ಬಂ ಅಂತಾರೆ.

ಬ್ಲೂಸ್ ಅಂದರೇನು? ಅಮೆರಿಕದ ದಕ್ಷಿಣದಲ್ಲಿ, ಹತ್ತಿ ಹೊಲಗಳಲ್ಲಿ ದುಡಿದ ಕಪ್ಪು ಜನರ ಸಂಕಟದ ಹಾಡು. ಮೂರೇ ಕಾರ್ಡ್, ಹನ್ನೆರಡು ಬಾರ್. ಒಂದು ಸಾಲು ಹಾಡಿ, ಅದನ್ನೇ ಮತ್ತೆ ಹೇಳಿ, ಮೂರನೇ ಸಾಲಿನಲ್ಲಿ ಉತ್ತರ ಕೊಡೋದು. ಇದಕ್ಕೆ ಚರ್ಚಿನ ಭಜನೆಯ ಆವೇಶ ಸೇರಿದಾಗ ಹುಟ್ಟಿದ್ದು ಸೋಲ್. ರೇ ಚಾರ್ಲ್ಸ್, ಅರೀಥಾ ಫ್ರಾಂಕ್ಲಿನ್ ಅದರ ದೊಡ್ಡ ಹೆಸರುಗಳು.

ಸರಿ, ಗೌರವ ಅಂದರೆ ಬರೀ ಹೆಸರು ಹೇಳೋದಾ? ಇಲ್ಲಿದೆ ನೋಡಿ ಅಸಲಿ ಪ್ರಶ್ನೆ. ಆರ್ಥರ್ ಕ್ರುಡಪ್ ಅನ್ನೋನು 1946ರಲ್ಲಿ ಹಾಡಿದ್ದನ್ನು 1954ರಲ್ಲಿ ಎಲ್ವಿಸ್ ಪ್ರೀಸ್ಲಿ ಹಾಡಿದ. ಎಲ್ವಿಸ್ ಜಗತ್ಪ್ರಸಿದ್ಧನಾದ. ಕ್ರುಡಪ್‌ನ ಹೆಸರು ರೆಕಾರ್ಡಿನ ಮೇಲಿತ್ತು, ಸೇರಬೇಕಾದ ದುಡ್ಡು ಮಾತ್ರ ಕೈಗೆ ಸೇರಲಿಲ್ಲ. ಕೂಲಿ ಮಾಡ್ಕೊಂಡಿದ್ದ ಆ ಮನುಷ್ಯ 1974ರಲ್ಲಿ ತೀರಿಕೊಂಡ. ಇನ್ನೊಂದು ಕಡೆ ನೋಡಿ, ಕ್ಲಾಪ್ಟನ್ ಇದ್ದ ಕ್ರೀಮ್ ತಂಡ 1966ರಲ್ಲಿ ಸ್ಕಿಪ್ ಜೇಮ್ಸ್‌ನ ಹಾಡು ಹಾಡಿತು. ಕಾಯಿಲೆ ಬಿದ್ದಿದ್ದ ಆ ಮುದುಕನಿಗೆ ಕೊನೆಗಾಲದಲ್ಲಿ ಅದರ ರಾಯಲ್ಟಿ ಆಸರೆಯಾಯ್ತು. ಹಾಡಿದ್ದು ಇಬ್ಬರೂ. ಒಬ್ಬನ ಹಾಡಿನ ಯಜಮಾನನಿಗೆ ಬರೀ ಹೆಸರು, ಇನ್ನೊಬ್ಬನಿಗೆ ಹೆಸರಿನ ಜತೆ ಅನ್ನ.

ಅಮೆರಿಕದ ಕಥೆ ನಮಗ್ಯಾಕೆ ಅಂತೀರಾ? ಹಬ್ಬುವಾಡದಿಂದ ಅಂಕೋಲೆ ಎಷ್ಟು ದೂರ? ಅಲ್ಲಿ ಬಡಗೇರಿಯಲ್ಲಿ ಸುಕ್ರಿ ಬೊಮ್ಮಗೌಡ ಅನ್ನೋ ಅಜ್ಜಿ ಇದ್ದರು. ಹಾಲಕ್ಕಿ ಒಕ್ಕಲಿಗರ ಹಾಡುಗಳ ಕಣಜ. ಶಾಲೆ ಮೆಟ್ಟಿಲು ಹತ್ತದ ಆ ತಾಯಿಗೆ 2017ರಲ್ಲಿ ಪದ್ಮಶ್ರೀ ಬಂತು. 2025ರ ಫೆಬ್ರವರಿಯಲ್ಲಿ ಅಜ್ಜಿ ಹೋದರು. ಹಾಡುಗಳು ಉಳಿದಿವೆ. ಇನ್ನು ಅದಕ್ಕೆ ಗಿಟಾರ್, ಡ್ರಮ್ಸ್ ಕಟ್ಟೋರು ಬಂದೇ ಬರ್ತಾರೆ. ಬರಲಿ, ತಪ್ಪೇನಿಲ್ಲ. ಹಾಡು ಹೊಸ ಬಾಯಿಗೆ ಬಂದರೇನೇ ಬದುಕೋದು.

ಆದರೆ ಕಾನೂನು ತಿಳ್ಕೊಳ್ಳಿ. ಕವಿ, ಸಂಗೀತಗಾರ ಇರೋ ಹಾಡನ್ನು ಹಕ್ಕುದಾರರ ಒಪ್ಪಿಗೆ ಇಲ್ಲದೆ ಮತ್ತೆ ಹಾಡಿ ಧ್ವನಿಮುದ್ರಿಸಬೇಕಾದರೆ ನಮ್ಮ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಐದು ವರ್ಷ ಕಾಯಬೇಕು, ರಾಯಲ್ಟಿ ಮುಂಚೆಯೇ ಕಟ್ಟಬೇಕು. ಜನಪದ ಹಾಡಿಗೆ? ಬರೆದವರು ಯಾರೂ ಅಂತ ಗೊತ್ತಿಲ್ಲ, ಹಾಗಾಗಿ ಸಮುದಾಯಕ್ಕೆ ಅಂತ ಆ ಕಾಯ್ದೆಯಲ್ಲಿ ಹಕ್ಕಿಲ್ಲ. ಆದರೆ ಹಾಡಿದವರ ದನಿಗೆ ಹಕ್ಕಿದೆ, ಅದೂ 50 ವರ್ಷ! ಧ್ವನಿಮುದ್ರಣ ಬಳಸಿ ದುಡ್ಡು ಮಾಡೋರು ಹಾಡಿದವರಿಗೂ ಪಾಲು ಕೊಡಬೇಕು.

ಅಜ್ಜಿಯಂದಿರ ಮುಂದೆ ಮೊಬೈಲ್ ಹಿಡಿದು ರೆಕಾರ್ಡ್ ಮಾಡ್ಕೊಂಡು, ಎಲೆ ಅಡಿಕೆಗೆ ನೂರು ರೂಪಾಯಿ ಕೊಟ್ಟು ಎದ್ದು ಬರೋದು ಗೌರವ ಅಲ್ಲ. ಹಾಡಿದವರ ಹೆಸರು, ಊರು ಹಾಕಿ. ಬಂದ ದುಡ್ಡಲ್ಲಿ ಅವರ ಪಾಲನ್ನು ಮನೆಗೆ ಮುಟ್ಟಿಸಿ. ಹಬ್ಬುವಾಡದ ಹುಡುಗಾ, ಗಿಟಾರ್ ಜೋರಾಗೇ ಬಾರಿಸು. ಆದರೆ ಹಾಡು ಯಾರದ್ದು ಅಂತ ಮೊದಲು ಹೇಳಿ ಬಾರಿಸು.