ಮೆಣಸಿನ ಖಾರಕ್ಕೂ ಪ್ರೋಟೀನಿನ ಲೆಕ್ಕ

ಕೊಡಗಿನಲ್ಲಿ ಕಾಫಿ ಕೊಯ್ಲಿನ ಗಡಿಬಿಡಿ ತಗ್ಗುತ್ತಿದ್ದಂತೆ ಕರಿಮೆಣಸಿನ ಸರದಿ ಬರುತ್ತದೆ. ಸಿಲ್ವರ್ ಓಕ್ ಮರಗಳಿಗೆ ಏಣಿ ಹಾಕಿ ಕೊಯ್ದ ಹಸಿರು ಗೊಂಚಲುಗಳು ಕಣದ ಬಿಸಿಲಿನಲ್ಲಿ ಕೆಲವೇ ದಿನಗಳಲ್ಲಿ ಕಪ್ಪಾಗುತ್ತವೆ. ಬೆಳೆಗಾರರಿಗೆ ಅದು ಹಣ, ಅಡುಗೆಮನೆಗೆ ಖಾರ. ರೋಮ್ ನಗರದಲ್ಲಿರುವ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಲೆಕ್ಕದಲ್ಲಿ ಮಾತ್ರ ಅದು ಪ್ರೋಟೀನ್ ಕೂಡ ಹೌದು.

ಈ ಸಂಸ್ಥೆ ಪ್ರತಿ ದೇಶಕ್ಕೂ ಆಹಾರದ ಜಮಾಖರ್ಚು ಪಟ್ಟಿ ತಯಾರಿಸುತ್ತದೆ. 1961ರಿಂದೀಚಿನ ಅಂಕಿಗಳು ಅದರಲ್ಲಿ ಸಿಗುತ್ತವೆ. ವಿಧಾನ ಸರಳ. ದೇಶದಲ್ಲಿ ಬೆಳೆದದ್ದಕ್ಕೆ ಆಮದನ್ನು ಕೂಡಿಸಿ, ರಫ್ತು, ಬಿತ್ತನೆ, ಹಾಳಾದ ಪಾಲು ಎಲ್ಲವನ್ನೂ ಕಳೆಯುತ್ತಾರೆ. ಉಳಿದದ್ದನ್ನು ಜನಸಂಖ್ಯೆಯಿಂದ ಭಾಗಿಸಿ, ಒಬ್ಬೊಬ್ಬರ ಪಾಲಿಗೆ ದಿನಕ್ಕೆ ಎಷ್ಟು ಗ್ರಾಂ ಪ್ರೋಟೀನ್ ಬಂತೆಂದು ಬರೆಯುತ್ತಾರೆ. ಅಕ್ಕಿ, ಬೇಳೆ, ಹಾಲು, ಮೀನುಗಳಂತೆ ಸಾಂಬಾರ ಪದಾರ್ಥಗಳಿಗೂ ಅಲ್ಲೊಂದು ಸಾಲಿದೆ. ಬೆಳ್ಳುಳ್ಳಿ ಮಾತ್ರ ತರಕಾರಿಗಳ ಸಾಲಿಗೆ, ಸಾಸಿವೆ ಎಣ್ಣೆಕಾಳುಗಳ ಸಾಲಿಗೆ ಹೋಗಿವೆ. ಒಗ್ಗರಣೆ ಹಾಕುವವರು ಇದನ್ನು ಒಪ್ಪಲಿಕ್ಕಿಲ್ಲ.

ಹಾಗೆ ನೋಡಿದರೆ ಸಾಂಬಾರ ಪದಾರ್ಥಗಳಲ್ಲಿ ಪ್ರೋಟೀನ್ ಕಡಿಮೆಯೇನಿಲ್ಲ. ನೂರು ಗ್ರಾಂ ಕರಿಮೆಣಸಿನಲ್ಲಿ ಸುಮಾರು 10 ಗ್ರಾಂ, ಕೊತ್ತಂಬರಿ ಬೀಜದಲ್ಲಿ ಅದಕ್ಕಿಂತ ತುಸು ಹೆಚ್ಚು, ಮೆಂತ್ಯದಲ್ಲಂತೂ ಬೇಳೆಕಾಳಿಗೆ ಸಮನಾಗಿ 25 ಗ್ರಾಂ ಆಸುಪಾಸು. ಆದರೆ ಯಾರೂ ಮೆಣಸನ್ನು ಬಟ್ಟಲಲ್ಲಿ ಹಾಕಿಕೊಂಡು ತಿನ್ನುವುದಿಲ್ಲ. ಒಬ್ಬ ವ್ಯಕ್ತಿ ವರ್ಷಕ್ಕೆ ಎರಡು ಕಿಲೋ ಸಾಂಬಾರ ಪದಾರ್ಥ ತಿನ್ನುತ್ತಾನೆಂದೇ ಇಟ್ಟುಕೊಳ್ಳೋಣ. ನೂರಕ್ಕೆ 12ರಂತೆ ಲೆಕ್ಕ ಹಾಕಿದರೂ ದಿನಕ್ಕೆ ಸಿಗುವ ಪ್ರೋಟೀನ್ ಮುಕ್ಕಾಲು ಗ್ರಾಂ ಮುಟ್ಟುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿರುವಂತೆ, 65 ಕಿಲೋ ತೂಕದ ಪುರುಷನಿಗೆ ದಿನಕ್ಕೆ ಬೇಕಾದದ್ದು 54 ಗ್ರಾಂ.

ಈ ಮುಕ್ಕಾಲು ಗ್ರಾಮಿನೊಳಗೂ ಒಂದು ತೊಡಕಿದೆ. ಪ್ರೋಟೀನಿಗೆ ಕನ್ನಡದ ಹಳೆಯ ಪಠ್ಯಪುಸ್ತಕಗಳು ಕೊಟ್ಟ ಹೆಸರು ಸಸಾರಜನಕ, ಅಂದರೆ ಸಾರಜನಕವನ್ನು ಒಳಗೊಂಡದ್ದು. ಅದನ್ನು ಅಳೆಯುವ ಕ್ರಮವೂ ಇದೇ. ಡೆನ್ಮಾರ್ಕಿನ ಕೆಲ್ಡಾಲ್ 1883ರಲ್ಲಿ ರೂಪಿಸಿದ ವಿಧಾನದಂತೆ, ಪದಾರ್ಥದಲ್ಲಿರುವ ಸಾರಜನಕವನ್ನು ಅಳೆದು 6.25ರಿಂದ ಗುಣಿಸಿದರೆ ಪ್ರೋಟೀನಿನ ಪ್ರಮಾಣ ಬಂತೆಂದು ಲೆಕ್ಕ. ಆದರೆ ಕರಿಮೆಣಸಿಗೆ ಖಾರ ಕೊಡುವ ಪೈಪರಿನ್ ಎಂಬ ವಸ್ತುವಿನಲ್ಲೂ ಸಾರಜನಕವಿದೆ. ಅದನ್ನು 1819ರಲ್ಲಿ ಬೇರ್ಪಡಿಸಿದವರೂ ಡೆನ್ಮಾರ್ಕಿನವರೇ ಆದ ಅರ್ಸ್ಟೆಡ್. ಕಾಳಿನಲ್ಲಿ ಪೈಪರಿನ್ ಶೇಕಡಾ 5ರಷ್ಟಿದ್ದರೆ, ಅದರ ಸಾರಜನಕವೊಂದೇ ನೂರು ಗ್ರಾಂ ಮೆಣಸಿಗೆ ಸುಮಾರು ಒಂದೂವರೆ ಗ್ರಾಂ 'ಪ್ರೋಟೀನ್' ಸೇರಿಸಿಬಿಡುತ್ತದೆ. ಅದು ಮೈಗೆ ಹತ್ತುವ ಪ್ರೋಟೀನ್ ಅಲ್ಲ, ಬರೀ ಖಾರ.

ಪಟ್ಟಿಯಲ್ಲಿನ ಏರಿಳಿತವನ್ನು ಓದುವಾಗಲೂ ಎಚ್ಚರ ಬೇಕು. ಕರಿಮೆಣಸು ಕೊಳೆಯುವ ಮಾಲಲ್ಲ. ಚೆನ್ನಾಗಿ ಒಣಗಿಸಿಟ್ಟರೆ ವರ್ಷಗಟ್ಟಲೆ ಕೆಡದು. ಹೀಗಾಗಿ ಕೊಡಗಿನ ಎಷ್ಟೋ ಮನೆಗಳಲ್ಲಿ ಮೆಣಸಿನ ಮೂಟೆಯೆಂದರೆ ಬ್ಯಾಂಕಿನ ಠೇವಣಿ ಇದ್ದಂತೆ. ಮಗಳ ಮದುವೆಗೋ ಮಗನ ಓದಿಗೋ ಬಿಚ್ಚುವುದುಂಟು. 2015-16ರಲ್ಲಿ ಕಿಲೋಗೆ 600 ರೂಪಾಯಿ ದಾಟಿದ್ದ ಧಾರಣೆ 2019ರ ಹೊತ್ತಿಗೆ ಬಹಳ ಕೆಳಗಿಳಿದಾಗ ಮಾರದೆ ಕಾದವರು ಅನೇಕರು. ವಿಯೆಟ್ನಾಂ, ಶ್ರೀಲಂಕಾಗಳಿಂದ ಅಗ್ಗದ ಮೆಣಸು ಬರುವುದನ್ನು ತಡೆಯಲು ಕೇಂದ್ರ ಸರ್ಕಾರ 2017ರಲ್ಲಿ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ನಿಗದಿ ಮಾಡಿತ್ತು. ಉಗ್ರಾಣದಲ್ಲಿ ಮಲಗಿದ ಮೂಟೆಗಳು ದಾಸ್ತಾನಿನ ಲೆಕ್ಕಕ್ಕೆ ಸಿಗದೇ ಹೋದರೆ, ಅವನ್ನೂ ದೇಶದ ಜನ ತಿಂದರೆಂದೇ ಪಟ್ಟಿ ಹೇಳುತ್ತದೆ. ಬೆಳೆ ಹುಲುಸಾದ ವರ್ಷ 'ಸಾಂಬಾರದಿಂದ ಪ್ರೋಟೀನ್' ಏರಿದಂತೆ ಕಂಡರೆ ತಟ್ಟೆಯಲ್ಲಿ ಏನೋ ಬದಲಾಗಿದೆ ಎಂದುಕೊಳ್ಳಬೇಕಾಗಿಲ್ಲ.

ತಟ್ಟೆಯ ಮಾತಿಗೆ ಬಂದರೆ, ಕೊಡವರ ಭಾಷೆಯಲ್ಲಿ ಕರಿಮೆಣಸು 'ನಲ್ಲಮಳು', ಒಳ್ಳೆಯ ಮೆಣಸು. ಪಂದಿಕರಿಗೆ ಕಪ್ಪು ಬಣ್ಣ ಕೊಡುವುದು ಹುರಿದು ಪುಡಿಮಾಡಿದ ಮಸಾಲೆ ಮತ್ತು ಕಾಚಂಪುಳಿ. ಒಂದು ಕಿಲೋ ಮಾಂಸಕ್ಕೆ 15 ಗ್ರಾಂ ಮೆಣಸು ಹಾಕಿದರೆ ಅದರಿಂದ ಬರುವ ಪ್ರೋಟೀನ್ ಒಂದೂವರೆ ಗ್ರಾಂ. ಮಾಂಸದ್ದು ನೂರೈವತ್ತು ಗ್ರಾಮಿನ ಸುತ್ತಮುತ್ತ. ಮಾಂಸವಿರುವ ಮನೆಗೆ ಈ ಲೆಕ್ಕ ಬೇಕಾಗಿಲ್ಲ.

ಬೇಕಾದದ್ದು ತೋಟದ ಲೈನ್ ಮನೆಗಳಿಗೆ. ಮೆಣಸು ಕೊಯ್ಯುವ ಕೂಲಿಗಳ ಊಟದಲ್ಲಿ ಅನ್ನವೇ ಹೆಚ್ಚು. ಬೇಳೆ ತೆಳುವಾದ ದಿನ ಸಾರಿಗೆ ಖಾರ ಮುಂದಾಗುತ್ತದೆ, ಆ ಖಾರದಲ್ಲೇ ಅಷ್ಟೂ ಅನ್ನ ಇಳಿಯುತ್ತದೆ. ಹೊಟ್ಟೆ ತುಂಬಿದರೂ 54 ಗ್ರಾಂ ತುಂಬಿರುವುದಿಲ್ಲ. ಆ ಕೊರತೆಯನ್ನು ಅಷ್ಟೋ ಇಷ್ಟೋ ನೀಗಿಸುವ ಸಂತೆಯ ಒಣಮೀನು, ಮೊಟ್ಟೆ, ಹುರುಳಿಕಾಳುಗಳು ರೋಮಿನ ಪಟ್ಟಿಯಲ್ಲಿ ಬೇರೆ ಬೇರೆ ಸಾಲುಗಳಲ್ಲಿವೆ.