ಅಂಕಪಟ್ಟಿಯೂ ವಕೀಲರ ಕಚೇರಿಯೂ

ಸಂಸ್ಕೃತದಲ್ಲಿ ಸ್ಥಾಲೀಪುಲಾಕ ನ್ಯಾಯವೆಂಬುದೊಂದುಂಟು. ಗಡಿಗೆಯ ಅನ್ನವೆಲ್ಲ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿ ನೋಡಿದರೆ ಸಾಕೆಂಬುದು ಅದರ ಭಾವ. ಒಂದೇ ಉರಿಯಲ್ಲಿ ಬೆಂದ ಅನ್ನಕ್ಕೆ ಈ ಪರೀಕ್ಷೆ ಸಲ್ಲುತ್ತದೆ. ಆದರೆ ಅಂಕಪಟ್ಟಿಯೆಂಬ ಒಂದೇ ಅಗುಳಿನಿಂದ ಮನುಷ್ಯನ ಯೋಗ್ಯತೆಯನ್ನೆಲ್ಲ ಅಳೆಯಬಹುದೆ? ಮಕ್ಕಳನ್ನು ನ್ಯಾಯಶಾಸ್ತ್ರಕ್ಕೆ ಕಳುಹಿಸಿದ ಗೃಹಸ್ಥರು ಈ ಪ್ರಶ್ನೆಯನ್ನು ಕುರಿತು ಸ್ವಲ್ಪ ಯೋಚಿಸಬೇಕು.

ಬಂಗಾರಪೇಟೆಯಿಂದ ಕವಲೊಡೆದ ರೈಲುದಾರಿ ಮಾರಿಕುಪ್ಪಂನಲ್ಲಿ ಮುಗಿಯುತ್ತದೆ. 2001ರಲ್ಲಿ ಚಿನ್ನದ ಗಣಿಗಳು ಮುಚ್ಚಿದ ಮೇಲೆ ಇಲ್ಲಿನ ಜನರ ಜೀವನವು ಬಹುಮಟ್ಟಿಗೆ ಈ ರೈಲನ್ನೂ ಬೆಂಗಳೂರನ್ನೂ ಆಶ್ರಯಿಸಿದೆ. ಗಣಿ ಕಾರ್ಮಿಕರ ಬಾಕಿಯ ಪ್ರಶ್ನೆಯು ನ್ಯಾಯಾಲಯಗಳವರೆಗೆ ಹೋದುದರಿಂದ, ಕಾನೂನೆಂಬುದು ಇಲ್ಲಿನ ಮನೆಗಳಿಗೆ ದೂರದ ವಿಷಯವಲ್ಲ. ಕೆ.ಜಿ.ಎಫ್.ನಲ್ಲಿಯೇ ಕೆಂಗಲ್ ಹನುಮಂತಯ್ಯನವರ ಹೆಸರಿನ ಕಾನೂನು ಕಾಲೇಜೊಂದಿದೆ. ಹಗಲು ದುಡಿದು ಇರುಳು ಓದುವ ತರುಣನಿಗೆ ನೂರಕ್ಕೆ ಐವತ್ತರ ಆಸುಪಾಸಿನಲ್ಲಿ ಅಂಕಗಳು ಬಂದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಆ ಅಂಕಪಟ್ಟಿಯನ್ನು ಹಿಡಿದು ಅವನು ಬೆಂಗಳೂರಿನ ದೊಡ್ಡ ವಕೀಲರ ಸಂಸ್ಥೆಗಳಿಗೆ ತರಬೇತಿಗಾಗಿ ಅರ್ಜಿ ಹಾಕಿದಾಗ ಉತ್ತರವೇ ಬಾರದಿದ್ದರೆ, ಮನೆಯವರೆಲ್ಲರ ಮುಖವೂ ಬಾಡುತ್ತದೆ.

ಆ ಸಂಸ್ಥೆಗಳನ್ನು ದೂರಿ ಪ್ರಯೋಜನವಿಲ್ಲ. ರಾಶಿ ಅರ್ಜಿಗಳು ಬಂದಾಗ ಅವರಿಗೊಂದು ಜರಡಿ ಬೇಕು. ಅಂಕಗಳೂ ಕಾಲೇಜಿನ ಹೆಸರೂ ಸುಲಭವಾಗಿ ದೊರೆಯುವ ಜರಡಿಗಳು. ಬಂದ ಅಂಕಗಳನ್ನು ತಿದ್ದುವುದಂತೂ ಸಾಧ್ಯವಿಲ್ಲ. ಹಿಸುಕಿ ನೋಡಲು ಅವರ ಕೈಗೆ ಇನ್ನೊಂದು ಅಗುಳನ್ನು ಕೊಡುವುದು ಮಾತ್ರ ನಮ್ಮ ಕೈಯಲ್ಲಿದೆ.

ಮಹಾತ್ಮಾ ಗಾಂಧಿಯವರ ಪೂರ್ವಚರಿತ್ರೆಯನ್ನು ನೋಡಿರಿ. 1887ರ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಅವರಿಗೆ ಬಂದದ್ದು ನೂರಕ್ಕೆ ನಲವತ್ತರ ಆಸುಪಾಸು. 1891ರಲ್ಲಿ ಬ್ಯಾರಿಸ್ಟರರಾಗಿ ಹಿಂದಿರುಗಿದ ತರುವಾಯ, ಮುಂಬಯಿಯ ಸಣ್ಣ ವ್ಯವಹಾರಗಳ ನ್ಯಾಯಾಲಯದಲ್ಲಿ ಎದ್ದು ನಿಂತು ಬಾಯಿಬಾರದೆ ಕುಳಿತರು. ಪ್ರೌಢಶಾಲೆಯ ಉಪಾಧ್ಯಾಯ ವೃತ್ತಿಗೆ ಹೋದರೆ ಪದವೀಧರರಲ್ಲವೆಂಬ ಕಾರಣದಿಂದ ಅದೂ ದೊರೆಯಲಿಲ್ಲ. ರಾಜಕೋಟೆಗೆ ಹೋಗಿ ಅರ್ಜಿಗಳನ್ನು ಬರೆದುಕೊಡತೊಡಗಿದ ಮೇಲೆ ಅವರಿಗೆ ತಿಂಗಳಿಗೆ ಸುಮಾರು ಮುನ್ನೂರು ರೂಪಾಯಿ ಬರಹತ್ತಿತು. 1893ರಲ್ಲಿ ದಕ್ಷಿಣ ಆಫ್ರಿಕಕ್ಕೆ ಹೋದಾಗ, ಒಪ್ಪಿಕೊಂಡ ಮೊಕದ್ದಮೆಯು ಲೆಕ್ಕಪತ್ರಗಳಿಂದ ತುಂಬಿದುದೆಂದು ಕಂಡು, ಲೆಕ್ಕ ಬರೆಯುವ ಶಾಸ್ತ್ರವನ್ನೇ ಓದಿ ಕಲಿತರು. ಮಾತು ಬಾರದಿದ್ದಾಗ ಬರವಣಿಗೆಯೂ ಶ್ರದ್ಧೆಯೂ ಅವರ ಕೈಹಿಡಿದವು.

ನಮ್ಮ ತರುಣನ ಕೈಯಲ್ಲೇನಿದೆ? ಕೋಲಾರದ ಸೀಮೆಯಲ್ಲಿ ಬೆಳೆದವನಿಗೆ ಕನ್ನಡ, ತಮಿಳು, ತೆಲುಗುಗಳು ಸಹಜವಾಗಿಯೇ ಕಿವಿಗೆ ಬಿದ್ದಿರುತ್ತವೆ. ಬೆಂಗಳೂರಿನ ಸುತ್ತಣ ಭೂವ್ಯವಹಾರಗಳಲ್ಲಿ ಹಳೆಯ ಕ್ರಯಪತ್ರ, ಪಹಣಿ, ವಿಭಾಗಪತ್ರಗಳು ಕನ್ನಡದಲ್ಲಿವೆ. ಕೈಬರಹದ ಹಳೆಯ ಪತ್ರವನ್ನು ತಪ್ಪಿಲ್ಲದೆ ಓದಿ, ಹಕ್ಕು ಯಾರಿಂದ ಯಾರಿಗೆ ಬಂತೆಂಬುದನ್ನು ಎರಡು ಪುಟಗಳಲ್ಲಿ ಕ್ರಮವಾಗಿ ಬರೆಯಬಲ್ಲವನು ಯಾವ ವಕೀಲರಿಗೂ ಬೇಕಾದವನೇ. ಅಂಥದೊಂದು ಬರಹವನ್ನು, ಕಕ್ಷಿಗಾರರ ಹೆಸರುಗಳನ್ನು ಮರೆಮಾಡಿ, ಅರ್ಜಿಯೊಡನೆ ಲಗತ್ತಿಸಲಿ. ಅಂಕಗಳನ್ನು ಮುಚ್ಚಿಡದೆ ಒಂದೇ ವಾಕ್ಯದಲ್ಲಿ ಹೇಳಲಿ. ದುಡಿಯುತ್ತ ಓದಿದುದಾದರೆ ಅದನ್ನೂ ಹೇಳಲಿ. ಆದರೆ ಗೋಳಾಡಬಾರದು.

ಓದುವಾಗಲೇ ಒಂದು ಬಾಗಿಲು ತೆರೆದಿರುತ್ತದೆ. 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ಮೂರು ವರ್ಷದ ವ್ಯಾಸಂಗದಲ್ಲಿ ಕನಿಷ್ಠ ಹನ್ನೆರಡು ವಾರ, ಐದು ವರ್ಷದ ವ್ಯಾಸಂಗದಲ್ಲಿ ಇಪ್ಪತ್ತು ವಾರ ಇಂಟರ್ನ್‌ಷಿಪ್ ಆಗಬೇಕು. ಅದನ್ನು ಬರಿಯ ಸಹಿಗಾಗಿ ಕಳೆಯುವವರೇ ಹೆಚ್ಚು. ಬಂಗಾರಪೇಟೆಯಲ್ಲೋ ಕೋಲಾರದಲ್ಲೋ ಒಬ್ಬ ಹಿರಿಯ ವಕೀಲರ ಬಳಿ ಆ ವಾರಗಳನ್ನು ನಿಷ್ಠೆಯಿಂದ ಕಳೆದರೆ, ಅವರು ಕೊಡುವ ಶಿಫಾರಸು ಪತ್ರವು ಅಂಕಪಟ್ಟಿಗಿಂತ ಗಟ್ಟಿಯಾಗಿ ಮಾತನಾಡುತ್ತದೆ. ದೊಡ್ಡ ಸಂಸ್ಥೆಗೆ ಒಂದೆರಡು ವರ್ಷ ಬಿಟ್ಟು ಮತ್ತೆ ಅರ್ಜಿ ಹಾಕಬಾರದೆಂದು ಯಾವ ನಿಯಮವೂ ಇಲ್ಲ.

ಇನ್ನು ಹಣದ ಮಾತು. ರಾಜ್ಯ ವಕೀಲರ ಪರಿಷತ್ತು ನೋಂದಣಿಗೆ ಸಾಮಾನ್ಯ ವರ್ಗದವರಿಂದ 750 ರೂಪಾಯಿಗಿಂತಲೂ, ಪರಿಶಿಷ್ಟ ಜಾತಿ ಪಂಗಡಗಳವರಿಂದ 125 ರೂಪಾಯಿಗಿಂತಲೂ ಹೆಚ್ಚಿನ ಶುಲ್ಕವನ್ನು ಪಡೆಯಕೂಡದೆಂದು ಸರ್ವೋಚ್ಚ ನ್ಯಾಯಾಲಯವು 2024ರಲ್ಲಿ ತೀರ್ಪಿತ್ತಿತು. ಕಿರಿಯ ವಕೀಲರಿಗೆ ನಗರಗಳಲ್ಲಿ ತಿಂಗಳಿಗೆ 20,000, ಗ್ರಾಮಾಂತರದಲ್ಲಿ 15,000 ರೂಪಾಯಿ ಕೊಡಬೇಕೆಂದು ಭಾರತೀಯ ವಕೀಲರ ಪರಿಷತ್ತು ಅದೇ ವರ್ಷ ಸೂಚಿಸಿತು. ಅದು ಸಲಹೆಯೇ ಹೊರತು ಕಟ್ಟುಪಾಡಲ್ಲ. ಆದ್ದರಿಂದ ಸೇರುವ ಮೊದಲೇ ವೇತನವೆಷ್ಟೆಂದು ವಿನಯದಿಂದ ಕೇಳಿಕೊಳ್ಳುವುದು ಲೇಸು.

ತಾಯ್ತಂದೆಗಳಿಗೆ ಒಂದು ವಿಜ್ಞಾಪನೆ. ಮೊದಲ ಎರಡು ವರ್ಷ ಮಗನಿಂದಾಗಲಿ ಮಗಳಿಂದಾಗಲಿ ಮನೆಗೆ ಹಣ ಬರಲಾರದೆಂದೇ ಎಣಿಸಿ, ರೈಲಿನ ಪಾಸಿಗೂ ಮಧ್ಯಾಹ್ನದ ಊಟಕ್ಕೂ ಮುಂಚಿತವಾಗಿ ಏರ್ಪಾಡು ಮಾಡಿರಿ. ಕೆಲಸ ಕೊಡಿಸುತ್ತೇನೆಂದು ಹಣ ಕೇಳುವ ಮಧ್ಯಸ್ಥರನ್ನು ಹೊಸಲಿನೊಳಗೆ ಬಿಡಬೇಡಿರಿ. ನೆರೆಮನೆಯ ಹುಡುಗನ ಅಂಕಗಳನ್ನು ಊಟದ ಹೊತ್ತಿನಲ್ಲಿ ಎತ್ತಬೇಡಿರಿ. ಪರೀಕ್ಷಾಧಿಕಾರಿಯು ಒಮ್ಮೆ ಅಳೆದು ಸುಮ್ಮನಾದನು. ಮನೆಯವರು ದಿನದಿನವೂ ಅಳೆಯತೊಡಗಿದರೆ ಆ ಕೂಸು ಯಾರ ಬಳಿ ಧೈರ್ಯವನ್ನು ಪಡೆದೀತು?