ಕೊಯ್ಲಿಗೆ ಬಂದವರ ಮಕ್ಕಳು: ಮುಟ್ಟಿ ನೋಡಿದರೆ ತಿಳಿಯುವ ಹಸಿವು

ಕಾಫಿ ಎಲೆಯ ಬೆನ್ನು ತಿರುವಿ ನೋಡದೆ ತುಕ್ಕುರೋಗವನ್ನು ಮೊದಲ ಹಂತದಲ್ಲೇ ಹಿಡಿಯಲಾಗದು ಎಂಬುದು ಬೆಳೆಗಾರ ಬಾಂಧವರೆಲ್ಲರಿಗೂ ತಿಳಿದ ವಿಷಯ. ಕಿತ್ತಳೆ ಬಣ್ಣದ ಹುಡಿ ಕುಳಿತಿರುವುದು ಎಲೆಯ ಅಡಿಭಾಗದಲ್ಲಿ. ಚಿಗುರೆಲೆ ಕಿರಿದಾದರೆ ಸತುವಿನ ಕೊರತೆ, ಹಳೆಯ ಎಲೆ ಹಳದಿಗಟ್ಟಿದರೆ ಸಾರಜನಕದ ಕೊರತೆ ಎಂದು ಮಣ್ಣು ಪರೀಕ್ಷೆಗೆ ಮೊದಲೇ ನಾವು ಊಹಿಸಬಲ್ಲೆವು. ಅದೇ ಗಿಡದ ಹಣ್ಣು ಕೊಯ್ಯಲು ಬಂದವರ ಮಗುವಿನ ಮೈಯಲ್ಲಿರುವ ಕೊರತೆಯನ್ನು ಗುರುತಿಸುವುದು ಇದಕ್ಕಿಂತ ಕಷ್ಟದ ಕೆಲಸವೇನಲ್ಲ. ಅದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಎರಡೂ ಪುಸ್ತಕದಲ್ಲಿಲ್ಲದ ಮಗು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ: 2021ರಿಂದ ವಿಜಯನಗರ ಜಿಲ್ಲೆಗೆ ಸೇರಿರುವ ಈ ಐದು ತಾಲ್ಲೂಕುಗಳು ಬಹುಮಟ್ಟಿಗೆ ಮಳೆಯನ್ನೇ ನಂಬಿದ ಸೀಮೆ. ಜೋಳ, ಮೆಕ್ಕೆಜೋಳ, ಶೇಂಗಾ ಒಕ್ಕಣೆ ಮುಗಿದರೆ ಅಲ್ಲಿ ಕೂಲಿ ಅಪರೂಪ. ಸರಿಯಾಗಿ ಅದೇ ಹೊತ್ತಿಗೆ ಮಲೆನಾಡಿನಲ್ಲಿ ಅರೇಬಿಕಾ ಹಣ್ಣಾಗುತ್ತದೆ, ಅದರ ಹಿಂದೆಯೇ ರೋಬಸ್ಟಾ. ಮೇಸ್ತ್ರಿಯ ಕೈಯಿಂದ ಮುಂಗಡ ಪಡೆದ ಗಂಡಹೆಂಡಿರು ಕೈಗೂಸನ್ನೂ ಕಟ್ಟಿಕೊಂಡು ಘಟ್ಟದ ಸೀಮೆಗೆ ಬರುತ್ತಾರೆ. ಊರಿನ ಅಂಗನವಾಡಿಯ ಪುಸ್ತಕದಲ್ಲಿ ಆ ಮಗು ಗೈರುಹಾಜರು. ನಮ್ಮೂರಿನ ಅಂಗನವಾಡಿಯ ಪುಸ್ತಕದಲ್ಲಿ ಅದರ ಹೆಸರೇ ಇಲ್ಲ. ಮೂರು ನಾಲ್ಕು ತಿಂಗಳು ಅದನ್ನು ತೂಗುವವರಿಲ್ಲ, ಅಳೆಯುವವರಿಲ್ಲ. ಎರಡು ವರ್ಷದೊಳಗಿನ ಮಗುವಿಗೆ ಇದು ಸಣ್ಣ ಅವಧಿಯಲ್ಲ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 5 ವರ್ಷದೊಳಗಿನ ಮಕ್ಕಳ ಪೈಕಿ ಶೇಕಡ 35.4 ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು, ಶೇಕಡ 19.5 ಮಂದಿ ಎತ್ತರಕ್ಕೆ ತಕ್ಕ ತೂಕವಿಲ್ಲದವರು. ಇದು ಇಡೀ ರಾಜ್ಯದ ಲೆಕ್ಕ. ಕೂಲಿ ಅರಸಿ ಊರು ಬಿಡಬೇಕಾದ ಮನೆಗಳ ಮಕ್ಕಳಿಗೆ ಅಪಾಯ ಹೆಚ್ಚೆಂದು ಬೇರೆ ಹೇಳಬೇಕಾಗಿಲ್ಲ.

ಕಣ್ಣು ಮೋಸ ಹೋಗುತ್ತದೆ

ಅಪೌಷ್ಟಿಕತೆ ಎಂದರೆ ಎಲುಬಿನ ಹಂದರವೇ ಆಗಬೇಕೆಂದಿಲ್ಲ. ಕೆನ್ನೆ ತುಂಬಿಕೊಂಡು ದುಂಡಗೆ ಕಾಣುವ ಮಗು ಸಾವಿನ ಅಂಚಿನಲ್ಲಿರಬಹುದು. ಅದು ಕೊಬ್ಬಲ್ಲ, ನೀರು. 1930ರ ದಶಕದಲ್ಲಿ ಆಫ್ರಿಕದ ಗೋಲ್ಡ್ ಕೋಸ್ಟ್‌ನಲ್ಲಿ, ಅಂದರೆ ಇಂದಿನ ಘಾನಾದಲ್ಲಿ, ಡಾ. ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ ಈ ರೋಗವನ್ನು ವಿವರಿಸಿ, ಅಲ್ಲಿನ ತಾಯಂದಿರು ಬಳಸುತ್ತಿದ್ದ 'ಕ್ವಾಶಿಯೋರ್ಕರ್' ಎಂಬ ಹೆಸರನ್ನೇ ಉಳಿಸಿದರು. ಮತ್ತೊಂದು ಕೂಸು ಹುಟ್ಟಿದಾಗ ಮೊಲೆಹಾಲು ತಪ್ಪಿದ ಹಿರಿಯ ಮಗುವಿಗೆ ಬರುವ ಕಾಯಿಲೆ ಎಂಬುದು ಅದರ ಭಾವ. ಆದುದರಿಂದ ದೂರದಿಂದ ನೋಡಿ ತೀರ್ಮಾನಿಸತಕ್ಕದ್ದಲ್ಲ. ಮುಟ್ಟಬೇಕು, ಒತ್ತಬೇಕು, ಅಳೆಯಬೇಕು.

ಪರೀಕ್ಷೆಯ ಕ್ರಮ

ತಾಯಿಯ ಒಪ್ಪಿಗೆ ಪಡೆದು, ಅವಳ ಮಡಿಲಲ್ಲೇ ಮಗುವನ್ನು ಕೂರಿಸಿ ನೋಡಬೇಕು. ಊರಿನ ಆಶಾ ಅಥವಾ ಅಂಗನವಾಡಿ ಕಾರ್ಯಕರ್ತೆ ಜೊತೆಗಿದ್ದರೆ ಉತ್ತಮ.

ಪಾದ: ಎರಡೂ ಪಾದಗಳ ಮೇಲ್ಭಾಗವನ್ನು ಹೆಬ್ಬೆರಳಿನಿಂದ ಮೂರು ಸೆಕೆಂಡು ಮೆಲ್ಲಗೆ ಒತ್ತಿ ಬಿಡಿ. ಎರಡರಲ್ಲೂ ಕುಳಿ ಬಿದ್ದು ಹಾಗೇ ಉಳಿದರೆ ಅದು ನೀರು ತುಂಬಿದ ಬಾವು. ತೋಳಿನ ಅಳತೆ ಎಷ್ಟೇ ಇರಲಿ, ಇದೊಂದೇ ಲಕ್ಷಣ ಸಾಕು: ಆಸ್ಪತ್ರೆಗೆ ಕರೆದೊಯ್ಯಬೇಕು.

ತೋಳು: 6 ತಿಂಗಳಿನಿಂದ 5 ವರ್ಷದೊಳಗಿನ ಮಕ್ಕಳಿಗೆ ಈ ಅಳತೆ. ಎಡಭುಜದ ತುದಿಗೂ ಮೊಣಕೈಗೂ ನಡುಮಧ್ಯೆ, ಕೈ ಸಡಿಲವಾಗಿ ಇಳಿಬಿಟ್ಟಿರುವಾಗ, ಪಟ್ಟಿಯನ್ನು ಬಿಗಿಯದೆ ಸುತ್ತಬೇಕು. 12.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಅಪೌಷ್ಟಿಕತೆ. 11.5ಕ್ಕಿಂತ ಕಡಿಮೆಯಿದ್ದರೆ ತೀವ್ರ ಅಪೌಷ್ಟಿಕತೆ. ಒಂದರಿಂದ ಐದು ವರ್ಷದವರೆಗೆ ಆರೋಗ್ಯವಂತ ಮಗುವಿನ ತೋಳಿನ ಸುತ್ತಳತೆ ಹೆಚ್ಚು ಬದಲಾಗದು. ಹಾಗಾಗಿ ಹುಟ್ಟಿದ ದಿನಾಂಕ ನಿಖರವಾಗಿ ತಿಳಿಯದಿದ್ದರೂ ಈ ಅಳತೆ ಉಪಯೋಗಕ್ಕೆ ಬರುತ್ತದೆ. ಅಂಗನವಾಡಿಯಲ್ಲಿ ಕೆಂಪು, ಹಳದಿ, ಹಸಿರು ಬಣ್ಣದ ಪಟ್ಟಿ ಇರುತ್ತದೆ.

ಮೈ: ಅಂಗಿ ತೆಗೆದು ನೋಡಿ. ಪಕ್ಕೆಲುಬು ಎಣಿಸುವಂತಿದೆಯೇ? ಕುಂಡೆಯ ಚರ್ಮ ಸಡಿಲವಾದ ಚಡ್ಡಿಯಂತೆ ಜೋಲುತ್ತಿದೆಯೇ? ಹೊಟ್ಟೆ ಉಬ್ಬಿದೆಯೆಂದು ಸಮಾಧಾನಪಟ್ಟುಕೊಳ್ಳಬಾರದು.

ಕೂದಲು: ತೆಳ್ಳಗೆ, ತಾಮ್ರದ ಬಣ್ಣಕ್ಕೆ ತಿರುಗಿ, ಎಳೆದರೆ ನೋವಿಲ್ಲದೆ ಕಿತ್ತು ಬರುತ್ತಿದ್ದರೆ ಸಾರಜನಕಯುಕ್ತ ಆಹಾರದ ಅಭಾವವನ್ನು ಶಂಕಿಸಬೇಕು.

ಕಣ್ಣು: ಕೆಳರೆಪ್ಪೆಯನ್ನು ಮೆಲ್ಲಗೆ ಇಳಿಸಿ ಒಳಬದಿ ನೋಡಿ. ಕೆಂಪಿರಬೇಕಾದ ಕಡೆ ಬಿಳುಪಿದ್ದರೆ ರಕ್ತಹೀನತೆ. ಅಂಗೈಯನ್ನೂ ನೋಡಿ, ಆದರೆ ತಾಯಿಯ ಅಂಗೈಗೆ ಹೋಲಿಸಿ ಸಮಾಧಾನ ಹೊಂದಬೇಡಿ, ಅವಳೂ ರಕ್ತಹೀನಳಾಗಿರಬಹುದು. ಕಣ್ಣಿನ ಬಿಳಿಭಾಗದಲ್ಲಿ ನೊರೆಯಂಥ ಬೂದು ಮಚ್ಚೆ, ಸಂಜೆಯಾದರೆ ಮಗು ಎಡವುವುದು, ಇವು 'ಎ' ಜೀವಸತ್ವದ ಕೊರತೆಯ ಗುರುತು. ತಡಮಾಡಿದರೆ ದೃಷ್ಟಿಯೇ ಹೋದೀತು.

ಬಾಯಿ ಮತ್ತು ಚರ್ಮ: ಬಾಯಿಯ ಮೂಲೆ ಒಡೆದು ನಾಲಿಗೆ ಕೆಂಪಗೆ ನುಣುಪಾಗಿದ್ದರೆ 'ಬಿ' ಜೀವಸತ್ವಗಳ ಕೊರತೆ. ದೊಡ್ಡವರಲ್ಲಿ ಕುತ್ತಿಗೆಯ ಸುತ್ತ, ಕೈಗಳ ಮೇಲೆ, ಬಿಸಿಲು ಬೀಳುವ ಕಡೆಯಷ್ಟೇ ಚರ್ಮ ಕಪ್ಪಾಗಿ ಸಿಪ್ಪೆ ಏಳುವ ಪೆಲ್ಲಾಗ್ರ ಹಿಂದೆ ಜೋಳವನ್ನೇ ನೆಚ್ಚಿದ ದಖ್ಖನಿನ ಬಡವರಲ್ಲಿತ್ತು. ಹೈದರಾಬಾದಿನ ಡಾ. ಸಿ. ಗೋಪಾಲನ್ ಮತ್ತು ಡಾ. ಎಸ್. ಜಿ. ಶ್ರೀಕಂಠಯ್ಯನವರು 1960ರಲ್ಲಿ ಇದರ ಬಗ್ಗೆ ಬರೆದರು. ಜೋಳ ಕೆಟ್ಟದ್ದೆಂದು ಇದರ ಅರ್ಥವಲ್ಲ. ಬೇಳೆ, ಸೊಪ್ಪು, ಹಾಲು ಜೊತೆಗಿಲ್ಲದೆ ಒಂದೇ ಧಾನ್ಯ ತಿಂದು ಬದುಕಬೇಕಾಗಿ ಬಂದದ್ದೇ ತೊಂದರೆ.

ಮುಂದೇನು?

ತೀವ್ರ ಅಪೌಷ್ಟಿಕತೆಯ ಮಗುವಿಗೆ ಮರುಕದಿಂದ ಒಮ್ಮೆಲೇ ಹೊಟ್ಟೆ ತುಂಬ ಉಣ್ಣಿಸುವುದು ಅಪಾಯ. ಬಳಲಿದ ದೇಹ ಅದನ್ನು ತಾಳಲಾರದು. ಬಾವು, ಜ್ವರ, ಭೇದಿ, ಮಂಕುತನ, ಊಟ ಬೇಡವೆನ್ನುವುದು, ಇವುಗಳಲ್ಲಿ ಒಂದಿದ್ದರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಜಿಲ್ಲಾಸ್ಪತ್ರೆಗಳಲ್ಲಿ ಪೌಷ್ಟಿಕ ಪುನಶ್ಚೇತನ ಕೇಂದ್ರಗಳಿವೆ. ಅಲ್ಲಿ ಸುಮಾರು 14 ದಿನ ತಾಯಿ ಮಗುವಿನೊಂದಿಗೆ ಉಳಿಯಬೇಕಾಗುತ್ತದೆ.

ತೊಡಕಿರುವುದು ಇಲ್ಲೇ. ಕೊಯ್ಲಿನ ಭರದಲ್ಲಿ 14 ದಿನದ ಕೂಲಿ ಬಿಟ್ಟರೆ ಮುಂಗಡ ತೀರುವುದಿಲ್ಲ ಎಂಬ ಹೆದರಿಕೆಯಿಂದ ತಾಯಿ ಆಸ್ಪತ್ರೆಗೆ ಹೋಗುವುದಿಲ್ಲ. ಹೋದರೂ ಎರಡೇ ದಿನಕ್ಕೆ ಮರಳುತ್ತಾಳೆ. ಆ ಹೆದರಿಕೆಯನ್ನು ನಿವಾರಿಸಬಲ್ಲವರು ವೈದ್ಯರಲ್ಲ, ತೋಟದವರು. "ಹೋಗಿ ಬಾ ತಾಯಿ, ಲೆಕ್ಕ ಆಮೇಲೆ ನೋಡೋಣ" ಎಂಬ ಒಂದು ಮಾತು ಮದ್ದಿನಷ್ಟೇ ಕೆಲಸ ಮಾಡುತ್ತದೆ.

ಬಾವು, ಕಾಯಿಲೆ ಇಲ್ಲದೆ ತೋಳು 11.5ರಿಂದ 12.5ರ ನಡುವೆಯಿರುವ ಮಗುವಿಗೆ ದಿನಕ್ಕೆ ಐದಾರು ಬಾರಿ ಸ್ವಲ್ಪ ಸ್ವಲ್ಪ ಊಟ ಬೇಕು: ಬೇಳೆ, ಮೊಟ್ಟೆ, ಶೇಂಗಾ ಪುಡಿ, ಅನ್ನದ ಮೇಲೊಂದು ಚಮಚ ಎಣ್ಣೆ. ತಾಯಿ ಬೆಳಗಿನಿಂದ ಸಂಜೆಯವರೆಗೆ ಗಿಡದ ಬುಡದಲ್ಲಿದ್ದರೆ ಐದು ಬಾರಿ ಉಣ್ಣಿಸುವವರು ಯಾರು? 1951ರ ತೋಟ ಕಾರ್ಮಿಕರ ಕಾಯಿದೆ 50 ಮಂದಿ ಹೆಂಗಸರು ದುಡಿಯುವ ತೋಟಗಳಲ್ಲಿ ಶಿಶುವಿಹಾರವಿರಬೇಕೆಂದು ವಿಧಿಸಿತು. ಸಣ್ಣ ಹಿಡುವಳಿಗಳು ಅದರ ವ್ಯಾಪ್ತಿಗೆ ಬರಲಿಲ್ಲ. ನಾಲ್ಕಾರು ನೆರೆಹೊರೆಯ ಬೆಳೆಗಾರರು ಸೇರಿ ಒಂದು ನೆರಳು, ಒಂದು ಒಲೆ, ಮಕ್ಕಳನ್ನು ನೋಡಿಕೊಳ್ಳಲು ಒಬ್ಬಳಿಗೆ ದಿನಗೂಲಿ ಒದಗಿಸುವುದು ಅಸಾಧ್ಯವಲ್ಲ. ವಲಸೆ ಬಂದ ಮಗುವನ್ನು ಸ್ಥಳೀಯ ಅಂಗನವಾಡಿಯಲ್ಲಿ ಸೇರಿಸಿಕೊಳ್ಳಲು ಅವಕಾಶವಿದೆ. ಹೆಸರು ಬರೆಸಲು ಊರಿನವರೊಬ್ಬರು ಜೊತೆಗೆ ಹೋದರೆ ಕೆಲಸ ಸುಲಭ.

ಪ್ರತಿ ಸಂಜೆ ನಾವು ಹಣ್ಣಿನ ಚೀಲವನ್ನು ಕಿಲೋ ತಪ್ಪದೆ ತೂಗುತ್ತೇವೆ. ತಂಡ ಬಂದಿಳಿದ ವಾರದಲ್ಲೊಮ್ಮೆ, ಬಳಿಕ ತಿಂಗಳಿಗೊಮ್ಮೆ, ಅದೇ ಅಂಗಳದಲ್ಲಿ ಮಕ್ಕಳ ತೋಳನ್ನೂ ಅಳೆಸೋಣ. ಬಂದದ್ದಕ್ಕಿಂತ ಒಂದಿಷ್ಟು ಮೈದುಂಬಿಕೊಂಡು ಮಗು ಹರಪನಹಳ್ಳಿಗೋ ಕೂಡ್ಲಿಗಿಗೋ ಮರಳಲಿ.